ಹೊರಸು ಹೊತ್ತವರು

ಸಾರವ್ವನ ಚಪ್ಪಲಿಗಳು ಒಂದರ ಹಿಂದೊಂದು ಬಂದು ಅಂಗಳದ ಕೆಸರಿನಲ್ಲಿ ಬಿದ್ದವು.

“ಇನ್ನ ಮ್ಯಾಲ ಈ ಹೊಸ್ತಿಲಾ ತುಳೀಬ್ಯಾಡ,” ಎಂದಳು ಪದ್ಮವ್ವ, ಬಾಗಿಲ ಚೌಕಟ್ಟು ಹಿಡಿದು ನಿಂತು. “ನನ್ನ ಸೊಸಿ ಹಣೀ ಮ್ಯಾಲ ಕೈ ಇಟ್ಟು, ಕಣ್ಣ ಮುಚ್ಚಿ, ಅದೇನ ಮಣಮಣ ಅಂತಿ? ಲಿಂಗಾ ಕಟ್ಟಿದವರ ಮನಿ ಇದು. ನಿಮ್ಮ ಪ್ರಾರ್ಥನಿ ನಿಮ್ಮ ಚರ್ಚಿನ್ಯಾಗ ಇಟ್ಟಗೋರಿ.”

“ಅವ್ವಾರ, ಲಿಂಗಾ ತಗೀ ಅಂತ ನಾ ಯಾವತ್ತರೆ ಅಂದೀನೇನ್ರಿ? ಗೆಳತಿ ನೋವಿಗೆ ನಾಕ ಮಾತ ಬೇಡಕೊಂಡೆ, ಅಷ್ಟ.”

“ಬೇಡಿ ಬೇಡಿ ಏನಾತು? ಎದ್ದು ನಿಂತಳೇನ ಆಕಿ?”

ಒಳಗಿನ ಕೋಣೆಯಿಂದ, ಹೊರಸಿನ ಮೇಲೆ ಮಲಗಿದ್ದ ಶಿವಲಿಂಗವ್ವನ ಧ್ವನಿ ಸಣ್ಣಗೆ ಕೇಳಿಸಿತು. “ಹೋಗು ಸಾರಾ... ನನ್ನ ಸಲುವಾಗಿ ನೀ ಯಾಕ ಬೈಸಿಕೊಳ್ತಿ...” ಸಾರವ್ವ ಬಗ್ಗಿ ಚಪ್ಪಲಿಗಳನ್ನು ಎತ್ತಿಕೊಂಡಳು. ಕೆಸರು ಒರೆಸುವ ನೆಪದಲ್ಲಿ ಮುಖ ಕೆಳಗೆ ಮಾಡಿ ಕಣ್ಣೀರನ್ನೂ ಒರೆಸಿಕೊಂಡಳು. ಪದ್ಮವ್ವನ ಮುಂದೆ ಅಳಬಾರದು ಎಂಬಷ್ಟು ಹಟ ಅವಳಲ್ಲೂ ಇತ್ತು.

ಅದು ಎಪ್ಪತ್ತೆಂಟರ ಮಳೆಗಾಲ. ಖಾನಾಪುರದಲ್ಲಿ ಮಲಪ್ರಭೆಯ ಕಡೆ ಇಳಿಯುವ ದಾರಿಯ ಕೊನೆಗೆ ಪದ್ಮವ್ವನ ಮನೆ. ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಗುರುಪಾದಪ್ಪ, ಶಿವಲಿಂಗವ್ವನ ಗಂಡ; ಮನೆಯ ಭತ್ತದ ಗದ್ದೆ ನೋಡಿಕೊಂಡಿದ್ದ, ತಾಯಿಯ ಎದುರು ತಲೆ ಎತ್ತಿ ಮಾತನಾಡದ ಸಂಪನ್ನ. ಕಿರಿಯವನು ಬಾಳಪ್ಪ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ಜೊತೆಗಾರರೊಂದಿಗೆ ಅಲ್ಲೇ ಒಂದು ಖೋಲಿ ಹಿಡಿದಿದ್ದ. ರವಿವಾರಕ್ಕೊಮ್ಮೆ ಊರಿಗೆ ಬಂದು ಹೋಗುತ್ತಿದ್ದ. ಅವನ ಹೆಂಡತಿ ಕಾಂತಾ ಆ ಮನೆಯಲ್ಲಿರಲಿಲ್ಲ. ಅವಳ ಹೆಸರನ್ನೂ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಒಂದು ಕಾಲಕ್ಕೆ ಹೀಗಿರಲಿಲ್ಲ. ಸಾರವ್ವ ರೈಲ್ವೆಯಲ್ಲಿ ಗ್ಯಾಂಗಮನ್ ಆಗಿದ್ದ ದಾನಿಯೇಲಪ್ಪನ ಹೆಂಡತಿ. ಪಡಸಾಲೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಹೊಲಿಗೆ ಕಲಿಯಲೆಂದು ಪದ್ಮವ್ವನ ಇಬ್ಬರು ಸೊಸೆಯರೂ ಮಧ್ಯಾಹ್ನ ಅಲ್ಲಿಗೆ ಬರುತ್ತಿದ್ದರು. ಕಲಿತದ್ದು ಅಷ್ಟಕ್ಕಷ್ಟೇ, ನಕ್ಕಿದ್ದು ಹೆಚ್ಚು. ಶಿವಲಿಂಗವ್ವ ಗಂಭೀರ ಸ್ವಭಾವದವಳು, ಕಾಂತಾ ಪಟಪಟ ಮಾತಿನವಳು; ಇಬ್ಬರ ನಡುವೆ ಸಾರವ್ವ ಯಂತ್ರದ ಗಾಲಿ ತಿರುಗಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕಾಂತಾಗೆ ಹೆಣ್ಣುಕೂಸು ಹುಟ್ಟಿದಾಗ ಗಂಗಾದೇವಿ ಎಂದು ಹೆಸರಿಟ್ಟು, ಮೂವರೂ ಸೇರಿ ಅದರ ತಲೆಗೆ ಕುಲಾಯಿ ಹೊಲಿದಿದ್ದರು. ಶಿವಲಿಂಗವ್ವನಿಗೆ ಮಕ್ಕಳಿರಲಿಲ್ಲ. ಆ ಕುಲಾಯಿಗೆ ಅವಳು ಹಾಕಿದ ಹೊಲಿಗೆಯೇ ಎಲ್ಲಕ್ಕಿಂತ ಸಣ್ಣದಾಗಿತ್ತು, ನೇರವಾಗಿತ್ತು.

ಆ ಗೆಳೆತನ ಮುರಿದದ್ದು ಒಂದು ಗಳಿಗೆಯ ಸಿಟ್ಟಿನಲ್ಲಿ. ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆಂದು ಕಾಂತಾ ಕೇಳಿದ್ದಳು. ಅಟ್ಟದಿಂದ ಕುಂಬಳಕಾಯಿ ಇಳಿಸಲು ನಿಚ್ಚಣಿಕೆ ಏರಿದ್ದ ಶಿವಲಿಂಗವ್ವ, “ನಾಟಿ ದಿನದಾಗ ತವರ ಮನಿ ಯಾಕ? ಸಣ್ಣ ಕೂಸಿನ್ನ ಮಳ್ಯಾಗ ಒಯ್ಯೂದು ಬ್ಯಾಡ,” ಎಂದಳು. ಮಾತಿಗೆ ಮಾತು ಬೆಳೆಯಿತು. “ಕೂಸಿನ ಚಿಂತಿ ಹಡದಾಕಿಗೆ ಇರತೈತಿ. ಬಂಜಿಗೆ ಏನ ಗೊತ್ತು?” ಎಂದುಬಿಟ್ಟಳು ಕಾಂತಾ. ಎಂದವಳೇ ಸಿಟ್ಟಿನ ಭರದಲ್ಲಿ ನಿಚ್ಚಣಿಕೆಯನ್ನು ಜಗ್ಗಿದಳು. ಶಿವಲಿಂಗವ್ವ ಬೆನ್ನು ಕೆಳಗಾಗಿ ಕಲ್ಲು ಹಾಸಿನ ಮೇಲೆ ಬಿದ್ದಳು.

ಅಂದೇ ಸಂಜೆ ಪದ್ಮವ್ವ ಕಿರಿಯ ಸೊಸೆಯನ್ನು ಹೊರಗೆ ಹಾಕಿದಳು. “ನೀ ಹೋಗು. ಕೂಸು ಈ ಮನೀದು, ಇಲ್ಲೇ ಇರತೈತಿ,” ಎಂದಳು. ಬಾಳಪ್ಪ ಕಂಬಕ್ಕೆ ಆತು ನಿಂತಿದ್ದ, ತುಟಿ ಬಿಚ್ಚಲಿಲ್ಲ. ಕಾಂತಾ ಬೆಳಗಾವಿಯ ಶಹಾಪುರದಲ್ಲಿದ್ದ ಅಣ್ಣನ ಮನೆ ಸೇರಿದಳು. ಶಿವಲಿಂಗವ್ವ ಕೆಲವು ದಿನ ಬಗ್ಗಿ ಬಗ್ಗಿ ನಡೆದಳು. ಆಮೇಲೆ ಗೋಡೆ ಹಿಡಿದು ನಡೆದಳು. ಆಮೇಲೆ ಅವಳ ಕಾಲುಗಳು ಅವಳ ಮಾತು ಕೇಳದಾದವು. ಮೂಳೆ ಕಟ್ಟುವವರು ಬಂದರು, ಎಣ್ಣೆ ತಿಕ್ಕಿದರು, ಸೊಪ್ಪಿನ ಪಟ್ಟು ಹಾಕಿದರು. ಯಾವುದರಿಂದಲೂ ಗುಣ ಕಾಣಲಿಲ್ಲ. ಹೊರಸೇ ಅವಳ ಲೋಕವಾಯಿತು. ಆ ಲೋಕದಲ್ಲಿ ಅವಳಿಗಿದ್ದ ಒಂದೇ ಬೆಳಕು ಗಂಗಾ. ಕೂಸು ಅವಳ ತೋಳಿನ ಮೇಲೆಯೇ ಮಲಗಿ ಬೆಳೆಯಿತು. ‘ದೊಡ್ಡವ್ವ’ ಎಂದು ಕರೆಯುತ್ತಿದ್ದದ್ದು ಯಾವಾಗಲೋ ‘ಅವ್ವ’ ಎಂದಾಯಿತು. ಯಾರೂ ತಿದ್ದಲಿಲ್ಲ.

ಸಾರವ್ವ ಇಬ್ಬರನ್ನೂ ಬಿಡಲಿಲ್ಲ. ಶಿವಲಿಂಗವ್ವನ ಹೊರಸಿನ ಬಳಿ ಹೋಗಿ ಕೂತು ತಲೆ ಬಾಚುವಳು. ದಾರ, ಗುಂಡಿ ತರಲು ಬೆಳಗಾವಿಗೆ ಹೋದಾಗಲೆಲ್ಲ ಶಹಾಪುರಕ್ಕೂ ಹೋಗಿ, ಮಗ್ಗದ ಮನೆಗಳಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದ ಕಾಂತಾಳ ಬಾಜು ಕೂತು ಬರುವಳು. ಇವಳ ಮಾತು ಅವಳಿಗೆ, ಅವಳ ಮಾತು ಇವಳಿಗೆ ಎಂದೂ ಹೊತ್ತವಳಲ್ಲ. ಕಾಂತಾ ಒಂದೇ ಮಾತು ಹೇಳುತ್ತಿದ್ದಳು: “ನಾನ ಜಗ್ಗೀನಿ ಸಾರಕ್ಕಾ. ಸುಳ್ಳ ಹೇಳೂದಿಲ್ಲ. ನನ್ನ ಕೈಯಿಂದನ ಆತು.” ಶಿವಲಿಂಗವ್ವನೂ ಒಂದೇ ಮಾತು ಹೇಳುತ್ತಿದ್ದಳು: “ಬೆನ್ನ ಮುರದದ್ದ ಮರತೇನು. ಆಕಿ ಆಡಿದ ಮಾತ ಮರೀಲಾರೆ.” ಸಾರವ್ವ ಇಬ್ಬರಿಗೂ, “ನಾ ಪ್ರಾರ್ಥನಿ ಬಿಟ್ಟಿಲ್ಲ,” ಎಂದಷ್ಟೇ ಹೇಳಿ ಏಳುತ್ತಿದ್ದಳು.

ಅಂದು ಕೆಸರಾದ ಚಪ್ಪಲಿ ಹಿಡಿದು ಬಂದ ಹೆಂಡತಿಯನ್ನು ನೋಡಿ ದಾನಿಯೇಲಪ್ಪನಿಗೆ ಎಲ್ಲ ಅರ್ಥವಾಯಿತು.

“ಮೂರು ವರ್ಷಾತು,” ಎಂದನವನು ಮೆಲ್ಲಗೆ. “ದೇವರಿಗೆ ಕಿವಿ ಅದಾವು. ಅದನ್ನ ಎಷ್ಟ ಸಲ ಹೇಳತಿ?”

“ಕಿವಿ ಅದಾವು ಅಂತನ ಹೇಳತೀನ್ರಿ. ಇಲ್ಲದಿದ್ರ ಯಾವತ್ತೋ ಸುಮ್ಮನಾಗತಿದ್ದೆ.”

ಹಾಗೆಂದಳೇನೋ ನಿಜ. ಆದರೆ ಮೊಣಕಾಲೂರಿ ಕೂತಾಗ ಅವಳ ಬಾಯಿಂದ ಪ್ರಾರ್ಥನೆಯೇ ಹೊರಡಲಿಲ್ಲ. ‘ಎದ್ದು ನಿಂತಳೇನ ಆಕಿ?’ ಎಂಬ ಮಾತೇ ಎದೆಯೊಳಗೆ ಸುತ್ತುತ್ತಿತ್ತು. ಸ್ವಾಮೀ, ಆ ಮುದುಕಿಯ ನಾಲಿಗೆಗೆ ಒಂದು ವಾರವಾದರೂ ಹುಣ್ಣಾಗಲಿ ಎಂದು ಮನಸ್ಸು ಅಂದುಬಿಟ್ಟಿತು. ಅಂದ ಮೇಲೆ ಅವಳಿಗೇ ನಾಚಿಕೆಯಾಗಿ, ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಕಡೆಗೆ ಕೇಳಿಕೊಂಡದ್ದು ಇಷ್ಟು: ‘ಸ್ವಾಮೀ, ನಾ ಬರೀ ಬೇಡತೀನಿ. ಮಾಡೂದು ಏನರೆ ಇದ್ರ ತೋರಿಸು.’

ತೋರಿದ್ದು ಮುಂದಿನ ರವಿವಾರವೇ. ಆರಾಧನೆ ಮುಗಿದ ಮೇಲೆ, ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಹೆಂಗಸೊಬ್ಬಳು, ತಮ್ಮಲ್ಲಿಗೆ ಮೂಳೆ ಡಾಕ್ಟರೊಬ್ಬರು ಹೊಸದಾಗಿ ಬಂದಿದ್ದಾರೆ, ಎದ್ದೇಳಲಾರದವರೂ ಎದ್ದು ಹೋಗುತ್ತಿದ್ದಾರೆ ಎಂದು ಮಾತಿಗೆ ಮಾತು ಬಂದು ಹೇಳಿದಳು. ಸಾರವ್ವ ನೇರ ಗದ್ದೆಗೆ ಹೋದಳು. ಗುರುಪಾದಪ್ಪ ಬದುವಿನ ಮೇಲೆ ನಿಂತು ಎಲ್ಲ ಕೇಳಿದ.

“ಅವ್ವ ಏನಂತಾಳೋ...” ಎಂದ.

“ಅವ್ವನ ಕೇಳಿದ್ರ ಆಕಿ ಹೂಂ ಅನ್ನೂದಿಲ್ಲ ಅಣ್ಣಾರ. ನಿಮ್ಮ ಹೆಂಡತೀನ ಕೇಳ್ರಿ.”

ಗುರುಪಾದಪ್ಪ ಕೇಳುವ ಧೈರ್ಯ ಮಾಡಿದನೋ ಇಲ್ಲವೋ, ಅಷ್ಟರಲ್ಲಿ ಮನೆಯಲ್ಲಿ ಬೇರೆಯೇ ಒಂದು ಸಂಗತಿ ನಡೆಯಿತು. ಪದ್ಮವ್ವ ಹಿತ್ತಲಲ್ಲಿದ್ದಾಗ, ದೊಡ್ಡವ್ವನಿಗೆ ಚಳಿ ಎಂದು ನೀರು ಕಾಯಿಸಲು ಹೋದ ಗಂಗಾ ಒಲೆಯ ಮೇಲಿನ ತಂಬಿಗೆಯನ್ನು ಮೈಮೇಲೆ ಎಳೆದುಕೊಂಡಳು. ಕೂಸು ಕಿಟ್ಟನೆ ಚೀರಿತು. ನಾಲ್ಕು ಮೊಳ ದೂರದಲ್ಲಿದ್ದ ಶಿವಲಿಂಗವ್ವ ಏಳಲು ಹೋದಳು. ಕೈಯೂರಿದಳು, ಮೈ ಎಳೆದಳು, ಹೊರಸಿನಿಂದ ಕೆಳಗೆ ಬಿದ್ದಳು; ನೆಲದ ಮೇಲೆ ಮೊಣಕೈಯೂರಿ ತೆವಳಿದಳು. ಪದ್ಮವ್ವ ಓಡಿ ಬಂದಾಗ ಕೂಸು ಒಂದು ಕಡೆ, ಸೊಸೆ ಒಂದು ಕಡೆ ಬಿದ್ದು ಅಳುತ್ತಿದ್ದರು. ಸುಟ್ಟದ್ದು ಕೈಬೆರಳಷ್ಟೇ, ಗುಳ್ಳೆ ಎದ್ದು ಮಾಯಿತು. ಆದರೆ ಶಿವಲಿಂಗವ್ವನ ಎದೆಯಲ್ಲಿ ಎದ್ದದ್ದು ಮಾಯಲಿಲ್ಲ. ಗಂಡನನ್ನು ಕರೆದು, “ಸಾರಾ ಹೇಳಿದ ದವಾಖಾನಿಗೆ ನನ್ನ ಒಯ್ರಿ. ಸತ್ರ ಅಲ್ಲೇ ಸಾಯತೀನಿ. ಹಿಂಗ ಬಿದ್ದು ಕೂಸಿನ ಚೀರಾಟ ಕೇಳೂದು ಒಲ್ಲೆ,” ಎಂದಳು.

ಒಯ್ಯುವ ದಿನ ಸೋನೆಮಳೆ. ಟಾಂಗಾದ ಕುಲುಕಾಟಕ್ಕೆ ಅವಳ ಬೆನ್ನು ತಾಳದು. ಹೊರಸನ್ನೇ ಹೊತ್ತು ಸ್ಟೇಶನ್ನಿಗೆ ಮುಟ್ಟಿಸುವುದೆಂದು ಮಾತಾಯಿತು. ಗುರುಪಾದಪ್ಪ, ದಾನಿಯೇಲಪ್ಪ, ಸಾರವ್ವ ಸೇರಿ ಮೂವರಾದರು. ಹೊರಸಿಗೆ ನಾಲ್ಕು ಕಾಲು. ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದ ಬಾಜು ಮನೆಯ ಮಾಯಕ್ಕ ಸೀರೆ ಕಚ್ಚೆ ಬಿಗಿದು ಬಂದು ನಿಂತಳು. “ನಾಕನೇ ಕಾಲಿಗೆ ನಾ ಇದೀನಿ. ಸಾರಾ, ನೀ ನಿಮ್ಮ ಯೇಸುಸ್ವಾಮಿನ್ನ ಕರೀ, ಗುರುಪಾದಣ್ಣ ಬಸವಣ್ಣನ್ನ ಕರೀಲಿ, ನಾ ನಮ್ಮ ಬೀರಪ್ಪನ್ನ ಕರೀತೀನಿ. ಯಾರರೆ ಒಬ್ಬರು ಕೈ ಹಚ್ಚತಾರ,” ಎಂದಳು.

ಆದರೆ ಪದ್ಮವ್ವ ಹೊಸ್ತಿಲಿಗೆ ಅಡ್ಡಲಾಗಿ ಕೂತಿದ್ದಳು.

“ಇಕಿ ಮಾವನ್ನೂ ಹಿಂಗ ಒಯ್ದ್ರಿ,” ಎಂದಳು. ಅವಳ ಧ್ವನಿ ಎಂದಿನ ಹಾಗೆ ಏರಲಿಲ್ಲ. “ಬೆಳಗಾವಿ ದವಾಖಾನಿ ಅಂತ ಒಯ್ದ್ರಿ. ಮರುದಿನ ಬಟ್ಟಿ ಹೊಚ್ಚಿ ತಂದು ಇದ... ಇದ ಬಾಗಲದಾಗ ಇಳಿಸಿದ್ರಿ. ಈ ಹೊಸ್ತಿಲಾ ದಾಟಿಸಬೇಕಂದ್ರ ನನ್ನ ತುಳದು ದಾಟ್ರಿ.”

ಗುರುಪಾದಪ್ಪ ಕೈಕಟ್ಟಿ ನಿಂತುಬಿಟ್ಟ. ತಾಯಿಯನ್ನು ದಾಟುವ ಕಾಲು ಅವನಿಗೆ ಎಲ್ಲಿಂದ ಬರಬೇಕು? ಸಾರವ್ವನಿಗೂ ಆ ಮುದುಕಿ ಅಂದು ಮೊದಲ ಸಲ ಬೇರೆಯಾಗಿ ಕಂಡಳು. ಇಷ್ಟು ದಿನ ತನ್ನನ್ನು ಬೈದದ್ದು ಸಿಟ್ಟಲ್ಲ, ಅಂಜಿಕೆ ಎಂದು ಅವಳಿಗೆ ಹೊಳೆಯಿತು. ಗಾಡಿಯ ಹೊತ್ತಾಗುತ್ತಿತ್ತು. ಆಗ ಮಾಯಕ್ಕ ಸಾರವ್ವನ ಸೆರಗು ಜಗ್ಗಿ, “ಹಿತ್ತಲ ಕಡೆ ಕೊಟ್ಟಗಿ ಐತಲ್ಲ, ಅದಕ್ಕ ಗ್ವಾಡಿ ಇಲ್ಲ, ಬಿದಿರ ತಟ್ಟಿ ಐತಿ,” ಎಂದಳು.

ದಾನಿಯೇಲಪ್ಪ ಕುಡುಗೋಲಿನಿಂದ ತಟ್ಟಿಯ ಕಟ್ಟು ಕೊಯ್ದ. ಬಿದಿರಿನ ತಟ್ಟಿ ಕಳಚಿ ಮಳೆಗೆ ಬಿತ್ತು. ನಡುಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹೊರಕ್ಕೆ, ದನಗಳ ನಡುವೆ ಹೊರಸು ಸಾಗಿತು. ಆಕಳೊಂದು ಕತ್ತು ಚಾಚಿ ಶಿವಲಿಂಗವ್ವನ ಕೈ ನೆಕ್ಕಿತು. ಎಷ್ಟೋ ದಿನಗಳ ಮೇಲೆ ಆಕಾಶ ಕಂಡ ಅವಳು ಮಳೆಯಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಸದ್ದು ಕೇಳಿ ಪದ್ಮವ್ವ ಮನೆ ಸುತ್ತಿ ಓಡಿ ಬಂದಳು. ಅಳುತ್ತ ಹೊರಸಿನ ಹಿಂದೆ ಓಡುತ್ತಿದ್ದ ಗಂಗಾಳನ್ನು ಹಿಡಿದು ಎತ್ತಿಕೊಂಡಳು. ಎಲ್ಲರೂ ಬೈಗುಳಕ್ಕೆ ಕಾದು ನಿಂತರು. ಅವಳು ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಗುರುಪಾದಪ್ಪನ ಕಡೆ ಚಾಚಿದಳು.

“ಮಾರಿ ಮ್ಯಾಲ ಮಳಿ ಬೀಳಾಕತ್ತೈತಿ. ಹೊಚ್ಚು,” ಎಂದಳು.

ದಾನಿಯೇಲಪ್ಪನ ಪರಿಚಯದ ಗಾರ್ಡ್ ಸಾಮಾನಿನ ಡಬ್ಬಿಯಲ್ಲಿ ಹೊರಸಿಗೆ ಜಾಗ ಮಾಡಿಕೊಟ್ಟ. ಬೆಳಗಾವಿ ಮುಟ್ಟುವವರೆಗೂ ಸಾರವ್ವ ಗೆಳತಿಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಗಾಡಿ ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಹಿಡಿದಳು.

ಆಸ್ಪತ್ರೆಯಲ್ಲಿ ಬೆನ್ನಿನ ಫೋಟೋ ತೆಗೆದರು, ರಕ್ತ ತೆಗೆದರು. ಡಾಕ್ಟರು ನಡುವಯಸ್ಸಿನವರು, ಮೃದು ಮಾತಿನವರು. ಗುರುಪಾದಪ್ಪ, ಸಾರವ್ವ ಇಬ್ಬರನ್ನೂ ಮಂಚದ ಬಳಿ ನಿಲ್ಲಿಸಿಕೊಂಡು ಶಿವಲಿಂಗವ್ವನಿಗೇ ಹೇಳಿದರು: “ನಿಮ್ಮ ಬೆನ್ನಿನ ಎಲುಬಿಗೆ ಕ್ಷಯ ಆಗ್ಯದ. ಬೀಳೂದಕ್ಕಿಂತ ಮೊದಲ ಅದು ಒಳಗ ತಿನ್ನಾಕ ಹತ್ತಿತ್ತು. ಬಿದ್ದದ್ದಕ್ಕ ನೋವು ಹೆಚ್ಚಾತು, ಅಷ್ಟ. ಬೀಳದಿದ್ರೂ ಈ ಕಾಲು ಹಿಂಗ ಆಗತಿದ್ದವು. ಆಪರೇಶನ್ ಮಾಡಿ ಕೀವು ತೆಗೀತೀವಿ, ಇಂಜೆಕ್ಷನ್ ಕೊಡತೀವಿ. ಭಾಳ ತಿಂಗಳು ಬೇಕು. ಆದ್ರ ಭರವಸಿ ಐತಿ.”

ಗುರುಪಾದಪ್ಪ ಸಮಾಧಾನದಿಂದ ಗೋಡೆಗೆ ಹಣೆ ಹಚ್ಚಿ ಅತ್ತ. ಸಾರವ್ವ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿದಳು. ಶಿವಲಿಂಗವ್ವ ಮಾತ್ರ ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ಅಂದು ಊಟ ಬೇಡವೆಂದಳು, ಮರುದಿನವೂ ಬೇಡವೆಂದಳು. ಆಪರೇಶನ್ನಿಗೆ ಅಂಜಿರಬೇಕು ಎಂದುಕೊಂಡಳು ಸಾರವ್ವ. ಗುರುಪಾದಪ್ಪ ಚಹಾ ತರಲು ಹೊರಗೆ ಹೋದಾಗ ಶಿವಲಿಂಗವ್ವ ಬಾಯಿ ಬಿಟ್ಟಳು.

“ಸಾರಾ, ಬೀಳೂಕಿಂತ ಮೊದಲ ನನಗ ಬೆನ್ನ ನೋಯತಿತ್ತು.”

ಸಾರವ್ವ ಮಂಚದ ಹತ್ತಿರ ಸರಿದಳು.

“ಸಂಜಿಗೆ ಜ್ವರಾನೂ ಬರತಿದ್ದವು. ಯಾರ ಮುಂದೂ ಅಂದಿದ್ದಿಲ್ಲ. ಬಿದ್ದ ಮ್ಯಾಲರೆ ಹೇಳಬೇಕಿತ್ತು. ಹೇಳಲಿಲ್ಲ... ಕಾಂತಾನ ಮ್ಯಾಲಿನ ಸಿಟ್ಟಿಗೆ ಹೇಳಲಿಲ್ಲ ಅಂತ ತಿಳದಿದ್ದೆ. ಅದೂ ಖರೇ ಅಲ್ಲ. ಎಲ್ಲಾ ತಪ್ಪು ಆಕೀದ ಇದ್ರ ಗಂಗಾ ನನ್ನ ಹತ್ರ ಉಳೀತಾಳ ಅಂತ ಹೇಳಲಿಲ್ಲ. ಆಕಿ ನನಗ ಬಂಜಿ ಅಂದಳು. ನಾ ಆಕೀನ್ನ ಬಂಜೀನ ಮಾಡಿ ಕೂಡಿಸಿದೆ. ಇಂಥಾಕಿ ಕಾಲಿಗೆ ಯಾವ ದೇವ್ರು ಜೀವಾ ಕೊಡತಾನ?”

ಅವಳ ಅಳು ಸದ್ದಿಲ್ಲದ ಅಳು. ಬೆನ್ನು ಅಲುಗಬಾರದೆಂದು ಡಾಕ್ಟರು ಹೇಳಿದ್ದರಿಂದ ಬಿಕ್ಕಲೂ ಅಂಜಿ, ಕಣ್ಣೀರನ್ನಷ್ಟೇ ಹರಿಯಬಿಟ್ಟಳು. ಮೂರು ವರ್ಷ ಸಾರವ್ವ ಗೆಳತಿಯ ಕಾಲಿಗಾಗಿ ಬೇಡಿದ್ದಳು. ಕಾಲಿಗಿಂತ ಭಾರವಾದದ್ದು ಅವಳ ಎದೆಯ ಮೇಲೆ ಕೂತಿತ್ತೆಂದು ತನಗೆ ಗೊತ್ತೇ ಇರಲಿಲ್ಲ.

“ನೋಡು ಶಿವಲಿಂಗಿ,” ಎಂದಳು ಕೊನೆಗೆ. “ನೀ ತಪ್ಪ ಮಾಡಿಲ್ಲ ಅಂತ ನಾ ಅನ್ನೂದಿಲ್ಲ. ಅಂದ್ರ ಅದು ಗೆಳೆತನ ಅಲ್ಲ. ಆದ್ರ ತಪ್ಪ ಒಪ್ಪಿದವರನ್ನ ದೇವರು ಹೊರಗ ಹಾಕೂದಿಲ್ಲ. ಅದನ್ನ ನಾ ನಂಬೀನಿ, ನನ್ನ ಜೀವಕ್ಕ ಆಗಿ ಬಂದೈತಿ. ದೇವರನ್ನ ಇಲ್ಲೇ ಕೇಳೂಣು. ಕಾಂತಾನ್ನ ನಾ ಕರಕೊಂಡ ಬರತೀನಿ.”

ಶಿವಲಿಂಗವ್ವ ಎಡ ಅಂಗೈಯಲ್ಲಿ ತನ್ನ ಕೊರಳ ಲಿಂಗವನ್ನು ಹಿಡಿದಳು. ಬಲಗೈಯನ್ನು ಸಾರವ್ವನಿಗೆ ಕೊಟ್ಟಳು. ಇಬ್ಬರೂ ಕಣ್ಣು ಮುಚ್ಚಿದರು. ವಾರ್ಡಿನಲ್ಲಿ ಯಾರದೋ ಕೂಸು ಅಳುತ್ತಿತ್ತು, ಹೊರಗೆ ಪಾತ್ರೆ ತೊಳೆಯುವ ಸದ್ದು. ಸಾರವ್ವ ಮೆಲುದನಿಯಲ್ಲಿ ಬೇಡಿದಳು. ಮುಗಿದಾಗ ಶಿವಲಿಂಗವ್ವ, “ಎದಿ ಹಗರಾತು,” ಎಂದು ಒಂದು ಬಟ್ಟಲು ಗಂಜಿ ಕೇಳಿ ಕುಡಿದಳು.

ಶಹಾಪುರದಲ್ಲಿ ಕಾಂತಾ ಡಾಕ್ಟರು ಹೇಳಿದ್ದನ್ನೆಲ್ಲ ಸಾರವ್ವನಿಂದ ಕೇಳಿಸಿಕೊಂಡು, ಕೈಯಲ್ಲಿದ್ದ ನೂಲು ಹರಿದದ್ದೂ ತಿಳಿಯದೆ ಕೂತಳು. ಆಸ್ಪತ್ರೆಗೆ ಬಂದವಳು ಮಂಚದ ಕಾಲಬದಿಗೆ ನಿಂತಳು. ಬತ್ತಿದ ನೆಗೆಣ್ಣಿಯನ್ನು ನೋಡಿ ಅವಳ ಮುಖ ಕುಂದಿತು.

“ಅಕ್ಕಾ, ಆ ಮಾತ ನಾ ಆಡಬಾರದಿತ್ತು. ನಿಚ್ಚಣಿಕಿ ಜಗ್ಗಿದ್ದೂ ನಾನ. ರೋಗ ಇದ್ರೇನು, ಇಲ್ಲದಿದ್ರೇನು, ಆ ಕೈ ನಂದ.”

“ನಾ ಅದನ್ನ ಬಿಟ್ಟೆ ಕಾಂತಾ. ಇವತ್ತ ಬಿಟ್ಟೆ,” ಎಂದಳು ಶಿವಲಿಂಗವ್ವ. “ಇನ್ನ ನಂದ ಕೇಳು. ನೀ ಜಗ್ಗೂದಕ್ಕಿಂತ ಮೊದಲ ಬ್ಯಾನಿ ಇತ್ತು ಅಂತ ನನಗ ಗೊತ್ತಿತ್ತು. ಗೊತ್ತಿದ್ದು ಸುಮ್ಮನಿದ್ದೆ. ಕೂಸಿನ ಆಶಾಕ್ಕ ಸುಮ್ಮನಿದ್ದೆ. ಮೂರು ವರ್ಷ ನಿನ್ನ ಮಗಳನ್ನ ನಿನಗ ತೋರಿಸಲಿಲ್ಲ.”

ಕಾಂತಾ ತಟ್ಟನೆ ತಿರುಗಿ ಹೊರಗೆ ಹೋದಳು. ಸಾರವ್ವ ಹಿಂದೆಯೇ ಹೋದಾಗ ಅವಳು ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು.

“ನೀ ಏನೂ ಹೇಳಬ್ಯಾಡ ಸಾರಕ್ಕಾ. ಕ್ಷಮಾ ಮಾಡು ಅಂತ ಮಾತ್ರ ಹೇಳಬ್ಯಾಡ. ಗಂಗಾನ ಮೊದಲನೇ ಹಲ್ಲ ಮೂಡಿದ್ದ ನಾ ನೋಡಲಿಲ್ಲ. ನನ್ನ ಕಂಡ್ರ ಗುರ್ತ ಹಿಡಿಯೂದಿಲ್ಲ ಆಕಿ...”

ಸಾರವ್ವ ಅವಳನ್ನು ಕಲ್ಲುಬೆಂಚಿನ ಮೇಲೆ ಕೂಡಿಸಿ ಬಾಜು ಕೂತಳು. ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯಿತು. ಕಾಂತಾ ಅತ್ತಳು, ಸುಮ್ಮನಾದಳು, ಮತ್ತೆ ಅತ್ತಳು. ಬಹಳ ಹೊತ್ತಿನ ಮೇಲೆ ನಳದಲ್ಲಿ ಮುಖ ತೊಳೆದುಕೊಂಡು ಕೇಳಿದಳು:

“ನಾ ಇಲ್ಲದಾಗ ಕೂಸಿಗೆ ಹಸಿವಿ ಅಂತ ಗೊತ್ತಾಗಗೊಟ್ಟಾಳೇನ ಅಕ್ಕ?”

“ಒಂದು ದಿನಾನೂ ಇಲ್ಲ,” ಎಂದಳು ಸಾರವ್ವ. ಅದು ನಿಜವೇ ಆಗಿತ್ತು.

ಕಾಂತಾ ಒಳಗೆ ಬಂದು ಮಂಚದ ಮೇಲೆ ಕೂತಳು. ಶಿವಲಿಂಗವ್ವನ ಸಿಕ್ಕು ಕೂದಲಲ್ಲಿ ಕೈಯಾಡಿಸಿ, “ಸರೀಗ ಬಾಚೂವರೂ ಇಲ್ಲೇನ ಇಲ್ಲೆ?” ಎಂದಳು. ಅಷ್ಟೇ. ಶಿವಲಿಂಗವ್ವ ಆ ಕೈಯನ್ನು ಎಳೆದು ಕಣ್ಣಿಗೆ ಒತ್ತಿಕೊಂಡಳು. ಸಾರವ್ವ ಕಿಟಕಿಯ ಕಡೆ ಮುಖ ಮಾಡಿ ನಿಂತಳು; ಅವಳ ಕಣ್ಣಿಗೆ ಹೊರಗಿನ ಮರವೂ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ.

ಅಂದಿನಿಂದ ಕಾಂತಾ ಆಸ್ಪತ್ರೆ ಬಿಡಲಿಲ್ಲ. ಆಪರೇಶನ್ ಆಯಿತು. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆಂದು ದಾನಿಯೇಲಪ್ಪನಿಂದ ತಿಳಿದು ಬಾಳಪ್ಪ ಉದ್ಯಮಬಾಗದಿಂದ ಬಂದವನು, ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ. ಇಷ್ಟು ವರ್ಷ ಅದೇ ಊರಲ್ಲಿದ್ದೂ ಶಹಾಪುರದ ಕಡೆ ಸೈಕಲ್ ತಿರುಗಿಸದವನು. “ಅವ್ವಗ ಅಂಜಿದೆ,” ಎಂದ. ಕಾಂತಾ, “ನನಗೂ ಸ್ವಲ್ಪ ಅಂಜಿದ್ರ ಚಲೋ ಇತ್ತು,” ಎಂದಳು. ಶಿವಲಿಂಗವ್ವ ನಕ್ಕಳು. ಆ ನಗೆ ಕೇಳಿ ಪಕ್ಕದ ಮಂಚದವರೂ ತಿರುಗಿ ನೋಡಿದರು.

ಒಂದು ಬೆಳಿಗ್ಗೆ ಕಾಂತಾ ಅವಳ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಹೆಬ್ಬೆರಳು ಅಲುಗಿತು. ಕಾಂತಾ ಉಸಿರು ಬಿಗಿಹಿಡಿದು, “ಇನ್ನೊಮ್ಮೆ ಮಾಡು ಅಕ್ಕಾ,” ಎಂದಳು. ಇನ್ನೊಮ್ಮೆ ಅಲುಗಿತು. ಔಷಧ ಹತ್ತಿತು ಎಂದರು ಡಾಕ್ಟರು. ದೇವರು ಕೇಳಿದ ಎಂದಳು ಸಾರವ್ವ. ಅವಳಿಗೆ ಎರಡರಲ್ಲಿ ಜಗಳ ಕಾಣಲಿಲ್ಲ.

ಬಾಳಪ್ಪ ರವಿವಾರಗಳಂದು ಗಂಗಾಳನ್ನು ಕರೆತರುತ್ತಿದ್ದ. ಮೊದಮೊದಲು ಕೂಸು ಶಿವಲಿಂಗವ್ವನ ಮಂಚ ಬಿಟ್ಟು ಇಳಿಯಲಿಲ್ಲ. ಶಿವಲಿಂಗವ್ವನೇ ಬಂದಾಗಲೆಲ್ಲ ಅದನ್ನು ತಿದ್ದಿದಳು. “ಇಕಿ ನಿನ್ನ ಅವ್ವ. ನಾ ದೊಡ್ಡವ್ವ. ಅನ್ನು.” ಕೂಸು ಒಲ್ಲೆನೆಂದು ತಲೆಯಲ್ಲಾಡಿಸುತ್ತಿತ್ತು. ಮಲ್ಲಿಗೆ ಹೆಣೆದ ಜಡೆ, ಬೆಲ್ಲದ ಉಂಡಿ, ಕಾಂತಾಳ ಪಟಪಟ ಮಾತು ಎಲ್ಲ ಸೇರಿ ಮೆಲ್ಲಗೆ ಕೂಸನ್ನು ಅತ್ತ ಎಳೆದವು. ಒಂದು ರವಿವಾರ ಗಂಗಾ ನಿದ್ದೆಗಣ್ಣಲ್ಲಿ ಕಾಂತಾಳ ತೊಡೆ ಏರಿ, “ಅವ್ವಾ, ತಟ್ಟು,” ಎಂದಳು. ಶಿವಲಿಂಗವ್ವ ಆಗ ಸಾರವ್ವನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಮೂಡಿತು. ಆದರೂ ಮುಖದ ಮೇಲೆ ನಗೆ ಇತ್ತು. “ಇದರಷ್ಟ ಆಪರೇಶನ್ನೂ ನೋಯಲಿಲ್ಲ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಆದ್ರ ಹಿಂಗ ಆಗೂದ ಚಲೋ,” ಎಂದಳು.

ಬಾಳಪ್ಪ ಉದ್ಯಮಬಾಗದ ಹತ್ತಿರ ಬೇರೆ ಮನೆ ಹಿಡಿದ. ಗಂಗಾ ತಂದೆತಾಯಿಯ ಹತ್ತಿರ ಉಳಿದು ಬೆಳಗಾವಿಯಲ್ಲೇ ಶಾಲೆಗೆ ಹೋಗತೊಡಗಿದಳು. ಶಿವಲಿಂಗವ್ವ ಬೇಸಿಗೆಯ ಕೊನೆಗೆ ಊರಿಗೆ ಮರಳಿದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗಂಡನ ಹೆಗಲ ಮೇಲೆ. ಸ್ಟೇಶನ್ನಿನಿಂದ ಮನೆಯವರೆಗೆ, ನಿಂತು ನಿಂತು, ನಡೆದೇ ಬಂದಳು. ಮಾಯಕ್ಕ ಓಣಿಯ ತುಂಬ ಹಾಲು ಹಂಚಿದಳು.

ಪದ್ಮವ್ವ ಸೊಸೆಗೆ ಆರತಿ ಎತ್ತಿದಳು. ಸಾರವ್ವನಿಗೆ, “ಒಳಗ ಬಾ,” ಎಂದಳು. ಆದರೆ ದಿನ ಹೋದಂತೆ ಮುದುಕಿ ಮಂಕಾದಳು. ಬಾಳಪ್ಪ ಬರುತ್ತಿದ್ದ, ಗಂಗಾ ರಜೆಗೆ ಬರುತ್ತಿದ್ದಳು, ಕಾಂತಾ ಮಾತ್ರ ಬರುತ್ತಿರಲಿಲ್ಲ. ಬಾ ಎಂದು ಪದ್ಮವ್ವ ಕರೆದೂ ಇರಲಿಲ್ಲ. ಕ್ರಿಸ್‌ಮಸ್ ಹತ್ತಿರವಾದ ಒಂದು ದಿನ ಅವಳು ತಾನಾಗಿಯೇ ಸಾರವ್ವನ ಪಡಸಾಲೆಗೆ ಬಂದು, ಹೊಲಿಗೆಯಂತ್ರದ ಬದಿಗೆ ಕೂತಳು.

“ಸಾರವ್ವಾ, ನನ್ನ ಸಲುವಾಗೂ ಒಂದ ಪ್ರಾರ್ಥನಿ ಮಾಡತೀಯೇನ?”

“ಮಾಡತೀನ್ರಿ. ಏನಂತ ಬೇಡಲಿ?”

ಮುದುಕಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಅವರಿಬ್ರೂ ಒಂದಾದ್ರು. ಕೂಸಿನ್ನ ತಾಯಿ ಮೊಲಿಯಿಂದ ಕಸಗೊಂಡಾಕಿ ನಾನು. ನನ್ನ ತಪ್ಪಿಗೆ ಯಾರೂ ನನ್ನ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು...”

“ಬೇಡತೀನ್ರಿ ಅವ್ವಾರ. ಆದ್ರ ನೀವೂ ನನ್ನ ಜೋಡಿ ಬೆಳಗಾವಿ ಗಾಡಿ ಹತ್ತಬೇಕು.”

“ನನ್ನ ಹೊರಗ ನಿಲ್ಲಿಸಿದ್ರ?”

“ನಾನೂ ನಿಮ್ಮ ಬಾಜೂಕ ನಿಂದರತೀನಿ.”

ಮರುದಿನ ಮುಂಜಾನೆಯ ಪ್ಯಾಸೆಂಜರಿಗೆ ಶಿವಲಿಂಗವ್ವನೂ ಸೇರಿ ಮೂವರು ಹತ್ತಿದರು. ಪದ್ಮವ್ವ ಕಿಟಕಿಯ ಬದಿಗೆ, ಶಿವಲಿಂಗವ್ವ ಕೋಲು ಹಿಡಿದು ಎದುರಿಗೆ, ಸಾರವ್ವ ಮುದುಕಿಯ ಬಾಜು. ಸಾರವ್ವ ಬೇಡಿಕೊಳ್ಳುತ್ತಿದ್ದಳು. ಎಂದೂ ಇಲ್ಲದಷ್ಟು ಮೆತ್ತಗೆ, ಎಂದೂ ಇಲ್ಲದಷ್ಟು ಧೈರ್ಯದಿಂದ ಬೇಡಿಕೊಳ್ಳುತ್ತಿದ್ದಳು.

ಉದ್ಯಮಬಾಗದ ಮನೆಯ ಬಾಗಿಲು ತೆರೆದವಳು ಕಾಂತಾ. ಅತ್ತೆಯನ್ನು ಕಂಡು ಅವಳ ಕೈ ಅಗುಳಿಯ ಮೇಲೆಯೇ ನಿಂತಿತು. ಪದ್ಮವ್ವನ ಕೈಗಳು ತಾವಾಗಿಯೇ ಜೋಡಿಕೊಂಡವು. ಕಾಂತಾ ಆ ಕೈಗಳನ್ನು ನೋಡಿದಳು. ಒಳಗೆ ಹೋದಳು. ಶಿವಲಿಂಗವ್ವ ಸಾರವ್ವನ ಮುಖ ನೋಡಿದಳು, ಸಾರವ್ವ ಕದಲಲಿಲ್ಲ.

ಕಾಂತಾ ತುಂಬಿದ ತಂಬಿಗೆ ಹಿಡಿದು ಹೊರಗೆ ಬಂದಳು. ಬಗ್ಗಿ, ಅತ್ತೆಯ ಧೂಳು ತುಂಬಿದ ಕಾಲಿನ ಮೇಲೆ ನೀರು ಹಾಕಿದಳು.

“ಒಳಗ ಬರ್ರಿ ಅತ್ತಿ,” ಎಂದಳು. “ಗಂಗಾ ಸಾಲಿಯಿಂದ ಬರೂ ಹೊತ್ತಾತು. ರೊಟ್ಟಿ ಬಡಿಯಾಕ ಕುಂತಿದ್ದೆ.”